ಶನಿ ಡೆಕ್ ಎದುರಾದರೆ: ಅಭ್ಯಾಸ, ಸೈಡ್‌ಬೋರ್ಡ್, ಟೆಕ್, ಡೆಕ್ ಬದಲಾವಣೆ – ಯಾವುದು ಯಾವಾಗ?

ಮ್ಯಾಜಿಕ್, ಯು-ಗಿ-ಓ, ಪೋಕೆಮಾನ್‌ನಂಥ ಕಾರ್ಡ್ ಆಟಗಳಲ್ಲಿ ಪ್ರತಿ ಡೆಕ್‌ಗೂ (ಆಟಗಾರರು ಕಟ್ಟಿಕೊಂಡು ಬರುವ ಕಾರ್ಡ್ ಕಟ್ಟು) ಒಂದು ಶನಿ, ಅಂದರೆ ಅದನ್ನು ಪದೇ ಪದೇ ಸೋಲಿಸುವ ಇನ್ನೊಂದು ಡೆಕ್, ಇದ್ದೇ ಇರುತ್ತದೆ. ಉಳಿದ ಹತ್ತು ಡೆಕ್‌ಗಳ ಮುಂದೆ ಸಲೀಸಾಗಿ ಓಡುವ ಡೆಕ್, ಆ ಒಂದರ ಮುಂದೆ ಕೂತ ತಕ್ಷಣ ಮುಗ್ಗರಿಸುತ್ತದೆ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಭಾನುವಾರ 16 ಜನ ಸೇರಿ 4 ರೌಂಡ್ ಆಡುವ ಟೂರ್ನಿಯಲ್ಲಿ ಇದರ ಬಿಸಿ ಇನ್ನೂ ಜಾಸ್ತಿ. ಒಂದು ಮ್ಯಾಚ್ ಹೋಯಿತೆಂದರೆ ಮೊದಲ ಸ್ಥಾನ ಬಹುತೇಕ ಹೋದ ಹಾಗೆಯೇ.

‘ಗುರು, ಆ ಡೆಕ್‌ಗೆ ಯಾವ ಕಾರ್ಡ್ ಹಾಕ್ಲಿ?’ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ ಆಗಬೇಕು. ಮೊದಲನೆಯದು: ಎಷ್ಟನೇ ಟರ್ನ್‌ನಲ್ಲಿ ಸೋಲುತ್ತಿದ್ದೀರಿ, ಯಾವುದರಿಂದ ಸೋಲುತ್ತಿದ್ದೀರಿ? 3ನೇ ಟರ್ನ್‌ಗೆ ಆಟ ಮುಗಿಯುತ್ತಿದ್ದರೆ 4 ಮಾನಾದ (ಮಾನಾ ಎಂದರೆ ಕಾರ್ಡ್ ಆಡಲು ತೆರುವ ಬೆಲೆ, ಟರ್ನ್‌ಗೊಂದು ಲ್ಯಾಂಡ್ ಕಾರ್ಡ್ ಇಳಿಸಿ ಗಳಿಸುವುದು) ಉತ್ತರ ಮದುವೆ ಮುಗಿದ ಮೇಲೆ ಬಂದ ವಾಲಗ. 10ನೇ ಟರ್ನ್‌ವರೆಗೆ ಎಳೆದು ಸೋಲುತ್ತಿದ್ದರೆ ಹೊಸ ಕಾರ್ಡ್ ಬೇಡವೇ ಬೇಡ, ಇನ್ನೂ ಬೇಗ ಹೊಡೆಯಲು ಕಲಿಯಬೇಕು. ಮುಂದಿನ ಆಯ್ಕೆಗಳೆಲ್ಲ ಈ ಎರಡು ಉತ್ತರಗಳ ಮೇಲೆ ನಿಂತಿವೆ.

ಅದು ಎದುರಾಗುವುದೇ?

ಇಂಟರ್ನೆಟ್ಟಿನಲ್ಲಿ ಸಿಗುವ ಮೆಟಾ (ಯಾವ ಡೆಕ್ಕನ್ನು ಎಷ್ಟು ಜನ ಆಡುತ್ತಾರೆ ಎಂಬ) ಶೇಕಡಾವಾರು ನಮ್ಮ ಊರಿನ ಅಂಗಡಿ ಟೂರ್ನಿಗೆ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ಬರುವವರು ಹೆಚ್ಚುಕಮ್ಮಿ ಅದೇ ಮುಖಗಳು. ಹೊರದೇಶದಿಂದ ತರಿಸುವ ಕಾರ್ಡ್ ದುಬಾರಿ, ಕಸ್ಟಮ್ಸ್ ದಾಟಿ ಕೈಗೆ ಬರುವ ದಿನ ಹೇಳಲಾಗದು. ಹಾಗಾಗಿ ಜನ ವಾರಕ್ಕೊಂದು ಡೆಕ್ ಬದಲಿಸುವುದಿಲ್ಲ. ಕಳೆದ ಮೂರು ವಾರ ಯಾರು ಏನು ಆಡಿದರು ಎಂದು ಫೋನಿನಲ್ಲಿ ಗುರುತು ಹಾಕಿಕೊಂಡಿದ್ದರೆ ಸಾಕು, ಅದೇ ನಿಮ್ಮ ಮೆಟಾ ವರದಿ.

ನಿಮ್ಮನ್ನು ಬಿಟ್ಟು 15 ಜನರಲ್ಲಿ ಒಬ್ಬರು ಮಾತ್ರ ಆ ಡೆಕ್ ಆಡುತ್ತಿದ್ದರೆ, ಜೋಡಿಗಳು ಚೀಟಿ ಎತ್ತಿದಂತೆ ಬಿದ್ದಾಗ 4 ರೌಂಡ್‌ನಲ್ಲಿ ಅವರು ಸಿಗುವ ಸಾಧ್ಯತೆ ಸುಮಾರು 27%. ಇಬ್ಬರಿದ್ದರೆ 48%. ಸ್ವಿಸ್ ಪದ್ಧತಿಯಲ್ಲಿ ಗೆದ್ದವರಿಗೆ ಗೆದ್ದವರೇ ಎದುರಾಗುವುದರಿಂದ, ಆ ಡೆಕ್ ಆಡುವವರು ಪಳಗಿದವರಾದರೆ ಈ ಅಂಕಿ ಕೊನೆಯ ರೌಂಡ್‌ಗಳಲ್ಲಿ ಏರುತ್ತದೆ. ಅದೇ ಡೆಕ್ ಹಿಡಿದವರು ವಾರವಾರವೂ 1-3 (ಒಂದು ಗೆಲುವು, ಮೂರು ಸೋಲು) ಮಾಡಿಕೊಂಡು ಹೋಗುತ್ತಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಕಾರ್ಡ್ ಮುಟ್ಟದೆ, ಆಟದ ರೀತಿ ಬದಲಿಸುವುದು

ಇದು ಪುಕ್ಕಟೆ ದಾರಿ, ಆದರೆ ಹೆಚ್ಚಿನವರು ಇದನ್ನು ಕೊನೆಗೆ ಹಿಡಿಯುತ್ತಾರೆ. ಮ್ಯಾಜಿಕ್‌ನ ಮಾಡರ್ನ್ ಫಾರ್ಮ್ಯಾಟ್‌ನ ಲಿವಿಂಗ್ ಎಂಡ್ ಡೆಕ್ಕನ್ನೇ ಹತ್ತಿರದಿಂದ ನೋಡೋಣ. ಅದು ಮೊದಲ ಎರಡು ಟರ್ನ್ ದೊಡ್ಡ ದೊಡ್ಡ ಕ್ರೀಚರ್‌ಗಳನ್ನು (ಹೊಡೆದಾಡುವ ಜೀವಿ ಕಾರ್ಡ್‌ಗಳು) ಸೈಕ್ಲಿಂಗ್ ಮಾಡಿ, ಅಂದರೆ ಬಿಸಾಡಿ ಬದಲಿಗೆ ಇನ್ನೊಂದು ಕಾರ್ಡ್ ಎಳೆದು, ಗ್ರೇವ್‌ಯಾರ್ಡ್‌ಗೆ (ಬಳಸಿದ, ಸತ್ತ ಕಾರ್ಡ್‌ಗಳ ರಾಶಿ) ತಳ್ಳುತ್ತದೆ. ಸಾಮಾನ್ಯವಾಗಿ 3ನೇ ಟರ್ನ್‌ನಲ್ಲಿ 3 ಮಾನಾದ ಕ್ಯಾಸ್ಕೇಡ್ ಕಾರ್ಡ್ (ಲ್ಯಾಂಡ್ ಬಿಟ್ಟು, ತನಗಿಂತ ಕಡಿಮೆ ಬೆಲೆಯ ಕಾರ್ಡ್ ಸಿಗುವತನಕ ಡೆಕ್ ಬಿಡಿಸಿ, ಅದನ್ನು ಪುಕ್ಕಟೆ ಆಡಿಸುವಂಥದ್ದು) ಆಡಿ, ಅದರ ಮೂಲಕ ಲಿವಿಂಗ್ ಎಂಡ್ ಎಂಬ ಕಾರ್ಡನ್ನು ಹುಡುಕಿ ಆಡುತ್ತದೆ. ಆಗ ಟೇಬಲ್ ಮೇಲಿನ ಕ್ರೀಚರ್‌ಗಳೆಲ್ಲ ಬಲಿ, ಗ್ರೇವ್‌ಯಾರ್ಡ್‌ನಲ್ಲಿದ್ದವೆಲ್ಲ ಎದ್ದು ಬರುತ್ತವೆ. ಆದರೆ ಕಾರ್ಡ್‌ನ ಮಾತು ‘ಪ್ರತಿ ಆಟಗಾರ’ ಎಂದಿದೆ, ಅಂದರೆ ನಿಮ್ಮ ಗ್ರೇವ್‌ಯಾರ್ಡ್‌ನ ಕ್ರೀಚರ್‌ಗಳೂ ಎದ್ದು ಬರುತ್ತವೆ. ಇದು ಗೊತ್ತಿದ್ದವರು ಕೈಯಲ್ಲಿರುವ ಎಲ್ಲ ಕ್ರೀಚರ್‌ಗಳನ್ನೂ ಟೇಬಲ್ ಮೇಲೆ ಸುರಿಯುವುದಿಲ್ಲ. ಒತ್ತಡಕ್ಕೆ ಬೇಕಾದಷ್ಟು ಇಳಿಸಿ, ಎರಡನ್ನು ಕೈಯಲ್ಲೇ ಉಳಿಸಿಕೊಳ್ಳುತ್ತಾರೆ. ಬೇಡದ ಕ್ರೀಚರನ್ನು ಮೊದಲೇ ಸಾಯಲು ಬಿಡುತ್ತಾರೆ. ಒಂದು ರೂಪಾಯಿ ಖರ್ಚಿಲ್ಲದೆ ಗೆಲ್ಲುವ ಸಾಧ್ಯತೆ ಏರುವುದು ಹೀಗೆ.

ಅಭ್ಯಾಸಕ್ಕೆ ಎದುರಾಳಿಯ ಡೆಕ್ಕನ್ನು ನೀವೇ ಐದಾರು ಗೇಮ್ ಆಡಿ. ಅದರ ಕೈ ಯಾವಾಗ ಹುಳುಕಾಗುತ್ತದೆ, ಯಾವ ಕಾರ್ಡ್ ಕಂಡರೆ ಅದಕ್ಕೆ ಹೊಟ್ಟೆಯುರಿ ಎಂಬುದು ಆ ಕಡೆ ಕೂತಾಗಲೇ ತಿಳಿಯುವುದು. ಡೆಕ್ ಇಲ್ಲದಿದ್ದರೆ ಜೆರಾಕ್ಸ್ ಅಂಗಡಿ ಇದೆ. ಮ್ಯಾಜಿಕ್, ಪೋಕೆಮಾನ್ ಕಾರ್ಡ್‌ಗಳ ಅಳತೆ 63×88 ಮಿ.ಮೀ., ಒಂದು ಎ4 ಹಾಳೆಯಲ್ಲಿ 9 ಕೂರುತ್ತವೆ, 75 ಕಾರ್ಡ್‌ಗೆ 9 ಹಾಳೆ ಸಾಕು. ಅಂಗಡಿಯವರಿಗೆ ‘ಅಳತೆ 100%ನಲ್ಲೇ ತೆಗೀರಿ’ ಎಂದು ಒತ್ತಿ ಹೇಳಿ. ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಆಗಿದ್ದರೆ ಎಲ್ಲವೂ ಒಂದಿಷ್ಟು ಕುಗ್ಗಿ ಬರುತ್ತವೆ. ಕತ್ತರಿಸಿದ ಕಾಗದವನ್ನು ಬೇಡದ ಹಳೆಯ ಕಾರ್ಡ್‌ನ ಮುಂದಿಟ್ಟು ಸ್ಲೀವ್‌ಗೆ (ಕಾರ್ಡ್‌ನ ಪ್ಲಾಸ್ಟಿಕ್ ಕವರ್) ತೂರಿಸಿ. ಯು-ಗಿ-ಓ ಕಾರ್ಡ್ ಸ್ವಲ್ಪ ಚಿಕ್ಕದು, 59×86 ಮಿ.ಮೀ. ಇವೆಲ್ಲ ಮನೆಯ ಅಭ್ಯಾಸಕ್ಕೆ ಮಾತ್ರ. ಅಧಿಕೃತ ಟೂರ್ನಿಯಲ್ಲಿ ಜೆರಾಕ್ಸ್ ಕಾರ್ಡ್ ನಡೆಯುವುದಿಲ್ಲ.

ಗೆಲುವು ಎಣಿಸುವುದರಲ್ಲಿ ಒಂದು ಮೋಸ ಇದೆ. ನಿಜವಾದ ಗೆಲುವಿನ ಸಾಧ್ಯತೆ 40% ಇರುವವರಿಗೂ 10 ಗೇಮ್‌ನಲ್ಲಿ 6 ಅಥವಾ ಹೆಚ್ಚು ಗೆಲುವು ಸಿಗುವ ಸಾಧ್ಯತೆ ಸುಮಾರು 17%. ಅಂದರೆ ‘ಆರು ಗೆದ್ದೆ, ಮ್ಯಾಚ್‌ಅಪ್ ಸರಿಹೋಯಿತು’ ಎನ್ನುವ ಹಾಗಿಲ್ಲ. ಅಂಕಿಯ ಬದಲು ಪ್ರತಿ ಗೇಮ್‌ಗೂ ಒಂದು ಸಾಲು ಬರೆದಿಡಿ: ಯಾವ ಟರ್ನ್, ಯಾವ ಕಾರ್ಡ್, ಕೈಯಲ್ಲಿ ಆಡಲಾಗದೆ ಉಳಿದದ್ದೇನು. ಹತ್ತು ಗೇಮ್‌ನಲ್ಲಿ ಒಂದೇ ಕಾರ್ಡ್ ಏಳು ಸಲ ಕೈಯಲ್ಲಿ ಕೊಳೆತಿದ್ದರೆ ಸೈಡ್‌ಬೋರ್ಡ್ ಮಾಡುವಾಗ (ಗೇಮ್‌ಗಳ ನಡುವೆ, ಪಕ್ಕದಲ್ಲಿಟ್ಟ ಕಾರ್ಡ್‌ಗಳನ್ನು ಡೆಕ್‌ಗೆ ಬದಲಿ ಸೇರಿಸುವಾಗ) ಮೊದಲು ಹೊರಹೋಗಬೇಕಾದದ್ದು ಅದೇ.

ಸೈಡ್‌ಬೋರ್ಡ್: ಯಾಕೆ ಇದಕ್ಕೇ ಹೆಚ್ಚು ಬೆಲೆ

ಮ್ಯಾಜಿಕ್‌ನಲ್ಲಿ 60 ಕಾರ್ಡ್‌ನ ಮುಖ್ಯ ಡೆಕ್ ಜೊತೆ 15ರ ಸೈಡ್‌ಬೋರ್ಡ್. ಯು-ಗಿ-ಓದಲ್ಲೂ ಸೈಡ್ ಡೆಕ್ 15. ಮೂರು ಗೇಮ್‌ನ ಮ್ಯಾಚ್‌ನಲ್ಲಿ ಮೊದಲ ಗೇಮ್ ಮಾತ್ರ ಸೈಡ್ ಇಲ್ಲದೆ ನಡೆಯುವುದು. ಇದರ ತೂಕ ಎಷ್ಟೆಂದು ಲೆಕ್ಕ ಹಾಕಿ.

ಮೊದಲ ಗೇಮ್ ಗೆಲ್ಲುವ ಸಾಧ್ಯತೆ 30%, ಸೈಡ್ ಮಾಡಿದ ಮೇಲೆ 50% ಎಂದುಕೊಳ್ಳಿ. ಮ್ಯಾಚ್ ಗೆಲ್ಲುವ ಸಾಧ್ಯತೆ 40%. ಈಗ 10 ಅಂಶ ಸುಧಾರಿಸುವ ಅವಕಾಶ ಸಿಕ್ಕಿತೆನ್ನಿ. ಅದನ್ನು ಮೊದಲ ಗೇಮ್‌ಗೆ ಕೊಟ್ಟರೆ ಮ್ಯಾಚ್ 45%ಗೆ ಏರುತ್ತದೆ. ಮುಂದಿನ ಗೇಮ್‌ಗಳಿಗೆ ಕೊಟ್ಟರೆ 50%. ದುಪ್ಪಟ್ಟು ಲಾಭ. ಹೀಗಿದ್ದೂ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋದಲ್ಲಿ ಕೂತು ಫೋನಿನಲ್ಲಿ ಆಡುವ ಅಭ್ಯಾಸದಲ್ಲಿ ಬಹುಪಾಲು ಒಂದೇ ಗೇಮ್‌ನ ಮ್ಯಾಚ್‌ಗಳು. ಯು-ಗಿ-ಓದ ಡಿಜಿಟಲ್ ಆಟ ಮಾಸ್ಟರ್ ಡ್ಯುಯೆಲ್‌ನ ರ‍್ಯಾಂಕ್ ಆಟದಲ್ಲಂತೂ ಸೈಡ್ ಡೆಕ್ಕೇ ಇಲ್ಲ. ಬೆರಳು ಚುರುಕಾಗುತ್ತದೆ, ಸೈಡ್ ಮಾಡುವ ಬುದ್ಧಿ ಅಲ್ಲೇ ಉಳಿಯುತ್ತದೆ. ಗೆಳೆಯರ ಜೊತೆ ಕೂತಾಗ ಮೊದಲ ಗೇಮ್ ಒಂದಾದರೆ ಸೈಡ್ ಮಾಡಿದ ಗೇಮ್ ಎರಡು ಇರಲಿ.

ಇನ್ನು ಎಷ್ಟು ಕಾರ್ಡ್ ಎಂಬ ಪ್ರಶ್ನೆ. ಲಿವಿಂಗ್ ಎಂಡ್ 3ನೇ ಟರ್ನ್‌ಗೆ ಬರುವ ಮೊದಲು, ನೀವು ಮೊದಲು ಆಡಿದರೂ ಎರಡನೆಯವರಾಗಿ ಆಡಿದರೂ ನೋಡಿರುವುದು 9 ಕಾರ್ಡ್. (ಮೊದಲು ಆಡಿದರೆ ಮೂರು ಟರ್ನ್ ಸಿಗುತ್ತದೆ, ಆದರೆ ಮೊದಲ ಟರ್ನ್‌ನಲ್ಲಿ ಕಾರ್ಡ್ ಎಳೆಯುವಂತಿಲ್ಲ. ವ್ಯತ್ಯಾಸ ಒಂದು ಲ್ಯಾಂಡ್‌ನದು ಮಾತ್ರ.) 60ರ ಡೆಕ್‌ನಲ್ಲಿ ಆ 9ರೊಳಗೆ ಉತ್ತರ ಸಿಗುವ ಸಾಧ್ಯತೆ: 2 ಪ್ರತಿ ಇದ್ದರೆ 28%, 3 ಇದ್ದರೆ 39%, 4 ಇದ್ದರೆ 49%, 6 ಇದ್ದರೆ 64%, 8 ಇದ್ದರೆ 75%. ಎರಡು ಕಾರ್ಡ್ ಹಾಕಿ ‘ಗ್ರೇವ್‌ಯಾರ್ಡ್‌ಗೆ ನನ್ನ ಹತ್ರ ಇದೆ’ ಎಂದು ನೆಮ್ಮದಿಯಾಗಿರುವವರು ನಾಲ್ಕರಲ್ಲಿ ಮೂರು ಸಲದ ಹತ್ತಿರ ಬರಿಗೈಲಿ ಕೂತಿರುತ್ತಾರೆ. ಕನಿಷ್ಠ 4, ನಿಜವಾಗಿಯೂ ಕಾಡುವ ಡೆಕ್ಕಾದರೆ 6.

ಯಾವ ಆರು? ಇಲ್ಲಿ ಹೋಲಿಕೆ ಸ್ವಾರಸ್ಯಕರ.

ಲೇಲೈನ್ ಆಫ್ ದ ವಾಯ್ಡ್ ಆರಂಭದ ಕೈಯಲ್ಲಿದ್ದರೆ ಪುಕ್ಕಟೆಯಾಗಿ ಟೇಬಲ್ ಮೇಲೆ ಇರುತ್ತದೆ, ಎದುರಾಳಿಯ ಗ್ರೇವ್‌ಯಾರ್ಡ್ ಮಾತ್ರ ಮುಚ್ಚುತ್ತದೆ. 4 ಪ್ರತಿ ಇಟ್ಟರೆ ಮೊದಲ 7ರಲ್ಲಿ ಸಿಗುವುದು 40%. ಈಗಿನ ಲಂಡನ್ ಮಲ್ಲಿಗನ್‌ನಲ್ಲಿ (ಆರಂಭದ ಕೈ ಹಿಂತಿರುಗಿಸಿ ಮತ್ತೆ ಎಳೆಯುವುದು) ಪ್ರತಿ ಸಲವೂ 7 ಎಳೆದು ಆಮೇಲೆ ಮಲ್ಲಿಗನ್‌ಗೊಂದರಂತೆ ಡೆಕ್‌ನ ಕೆಳಗಿಡುವುದರಿಂದ, ಒಂದು ಮಲ್ಲಿಗನ್‌ಗೆ ತಯಾರಿದ್ದರೆ 64%, ಎರಡಕ್ಕೆ 78%. ಆದರೆ 5 ಕಾರ್ಡ್‌ನ ಕೈಯಲ್ಲಿ ಲೇಲೈನ್ ಜೊತೆ ಇನ್ನೇನು ಉಳಿಯುತ್ತದೆ ಎಂದೂ ನೋಡಬೇಕು. ಆಮೇಲೆ ಎಳೆದ ಲೇಲೈನ್ 4 ಮಾನಾದ ಹೊರೆ.

ರೆಸ್ಟ್ ಇನ್ ಪೀಸ್ 2 ಮಾನಾ, ಯಾವಾಗ ಎಳೆದರೂ ಕೆಲಸ ಮಾಡುತ್ತದೆ, ಈಗಾಗಲೇ ತುಂಬಿದ ಗ್ರೇವ್‌ಯಾರ್ಡನ್ನೂ ಗುಡಿಸುತ್ತದೆ. ನಿಮ್ಮದನ್ನೂ ಗುಡಿಸುತ್ತದೆ ಎಂಬುದು ನೆನಪಿರಲಿ. ಬಿಳಿ ಬಣ್ಣ ಇರುವವರಿಗೆ ಇದೇ ಮೊದಲ ಆಯ್ಕೆ.

ಟಾರ್ಮಡ್ಸ್ ಕ್ರಿಪ್ಟ್‌ಗೆ ಮಾನಾ ಬೇಡ, ಆದರೆ ಒಂದೇ ಸಲ. ತಪ್ಪಾಗುವುದು ಸಮಯದಲ್ಲಿ. ಗಾಬರಿಯಿಂದ 2ನೇ ಟರ್ನ್‌ಗೇ ಒಡೆದರೆ ಎದುರಾಳಿ ಇನ್ನೆರಡು ಟರ್ನ್ ಸೈಕ್ಲಿಂಗ್ ಮಾಡಿ ಮತ್ತೆ ತುಂಬಿಕೊಳ್ಳುತ್ತಾರೆ. ಲಿವಿಂಗ್ ಎಂಡ್ ಸ್ಟ್ಯಾಕ್ ಮೇಲೆ, ಅಂದರೆ ಆಡಿದ್ದಾಗಿ ಪರಿಣಾಮ ಇನ್ನೂ ಆಗದೆ, ಇರುವಾಗ ಒಡೆಯಬೇಕು. ಆಗ ಅವರ ಕಾಂಬೊ (ಕಾರ್ಡ್‌ಗಳನ್ನು ಹೆಣೆದು ಕೊಡುವ ದೊಡ್ಡ ಏಟು) ಕಾರ್ಡೂ ಖಾಲಿ, ಗ್ರೇವ್‌ಯಾರ್ಡೂ ಖಾಲಿ.

ಸರ್ಜಿಕಲ್ ಎಕ್ಸ್‌ಟ್ರಾಕ್ಷನ್ 2 ಲೈಫ್ ಕೊಟ್ಟು ಪುಕ್ಕಟೆ ಆಡಬಹುದು ಎಂಬ ಕಾರಣಕ್ಕೇ ಎಲ್ಲರ ಸೈಡ್‌ಬೋರ್ಡ್‌ಗೆ ನುಗ್ಗುತ್ತದೆ. ಈ ಡೆಕ್ ಎದುರು ಅದು ಕಳಪೆ. ಒಂದೇ ಹೆಸರಿನ ಕಾರ್ಡ್‌ಗಳನ್ನಷ್ಟೇ ಕೀಳುತ್ತದೆ, ಗ್ರೇವ್‌ಯಾರ್ಡ್‌ನಲ್ಲಿ ಐದು ಬೇರೆ ಬೇರೆ ರಾಕ್ಷಸರಿದ್ದರೆ ನಾಲ್ಕು ಉಳಿಯುತ್ತವೆ. ಲಿವಿಂಗ್ ಎಂಡ್ ಕಾರ್ಡನ್ನೇ ಕೀಳೋಣವೆಂದರೆ ಅದು ಮೊದಲ ಸಲ ಆಡುವತನಕ ಲೈಬ್ರರಿಯಲ್ಲೇ (ಇನ್ನೂ ಎಳೆಯದ ಕಾರ್ಡ್‌ಗಳ ಕಟ್ಟು) ಇರುತ್ತದೆ.

ಗ್ರೇವ್‌ಯಾರ್ಡ್ ಬಿಟ್ಟು ಕ್ಯಾಸ್ಕೇಡ್‌ನ ಕತ್ತನ್ನೇ ಹಿಡಿಯುವ ದಾರಿಯೂ ಇದೆ. ಲಿವಿಂಗ್ ಎಂಡ್‌ನ ಮಾನಾ ಬೆಲೆ 0. ಹಾಗಾಗಿ ಆಯ್ದ ಬೆಲೆಯ ಕಾರ್ಡ್‌ಗಳನ್ನೆಲ್ಲ ರದ್ದು ಮಾಡುವ ಚಾಲಿಸ್ ಆಫ್ ದ ವಾಯ್ಡನ್ನು 0ಗೆ ಇಟ್ಟರೆ, ಪುಕ್ಕಟೆಯಾಗಿ, ಅದು ರದ್ದಾಗುತ್ತದೆ. ಡ್ರ್ಯಾನಿತ್ ಮ್ಯಾಜಿಸ್ಟ್ರೇಟ್ ಕೈಯ ಹೊರಗಿನಿಂದ ಎದುರಾಳಿ ಏನನ್ನೂ ಆಡದಂತೆ ತಡೆಯುತ್ತದೆ, ಜೊತೆಗೆ ಅದೇ ಕ್ರೀಚರ್ ಆದ್ದರಿಂದ ಹೊಡೆಯುತ್ತದೆ ಕೂಡ.

ಒಂದೇ ಬಗೆಯ ಆರು ಹಾಕುವುದು ತಪ್ಪು. ಎದುರಾಳಿಯೂ ಸೈಡ್ ಮಾಡಿರುತ್ತಾರೆ. ಅವರ ಕೈಯಲ್ಲಿ ಫೋರ್ಸ್ ಆಫ್ ವಿಗರ್ ಇದ್ದರೆ, ನಿಮ್ಮ ಟರ್ನ್‌ನಲ್ಲೇ ಒಂದು ಹಸಿರು ಕಾರ್ಡ್ ಎಕ್ಸೈಲ್ ಮಾಡಿ (ಆಟದಿಂದಲೇ ಹೊರಹಾಕಿ), ಮಾನಾ ಇಲ್ಲದೆ, ಎರಡು ಆರ್ಟಿಫ್ಯಾಕ್ಟ್ ಅಥವಾ ಎನ್‌ಚಾಂಟ್‌ಮೆಂಟ್ (ಟೇಬಲ್ ಮೇಲೆ ಉಳಿಯುವ ವಸ್ತು, ಮಾಟದ ಕಾರ್ಡ್‌ಗಳು) ಒಡೆದು ಹಾಕುತ್ತಾರೆ. ರೆಸ್ಟ್ ಇನ್ ಪೀಸ್, ಚಾಲಿಸ್ ಎರಡೂ ಒಂದೇ ಏಟಿಗೆ ಹೋಗುತ್ತವೆ. ಬಿಳಿ ಡೆಕ್‌ಗೆ 3 ರೆಸ್ಟ್ ಇನ್ ಪೀಸ್, 3 ಮ್ಯಾಜಿಸ್ಟ್ರೇಟ್ ಎಂದು ಒಡೆದರೆ ಒಂದೇ ಉತ್ತರಕ್ಕೆ ಎರಡೂ ಬಲಿಯಾಗುವುದಿಲ್ಲ. ಇನ್ನೊಂದು ವಿಷಯ: ತಡೆ ಮಾತ್ರ ಇಟ್ಟು ಹೊಡೆಯದೆ ಕೂತರೆ, ಆ ತಡೆ ಒಡೆಯುವ ಕಾರ್ಡ್ ಹುಡುಕಲು ಅವರಿಗೆ ನೀವೇ ಸಮಯ ಕೊಟ್ಟಂತೆ. ಒಂದು ತಡೆ, ಹಿಂದೆಯೇ ಒತ್ತಡ.

ಹೊರಗೆ ಹಾಕುವ ಆರು ಯಾವುವು ಎಂಬುದು ಒಳಗೆ ಬರುವ ಆರಕ್ಕಿಂತ ಕಷ್ಟದ ಪ್ರಶ್ನೆ. ಈ ಡೆಕ್ ಎದುರು ಕ್ರೀಚರ್ ಕೊಲ್ಲುವ ಸ್ಪೆಲ್‌ಗಳು ಹೋಗಲಿ. ಕಾಂಬೊಗೆ ಮೊದಲು ಕೊಲ್ಲಲು ಏನೂ ಇರುವುದಿಲ್ಲ, ಕಾಂಬೊ ಆದ ಮೇಲೆ ಒಂದು ಕೊಂದರೆ ಸಾಲುವುದಿಲ್ಲ. ನಿಮ್ಮ ಬೇಗ ಹೊಡೆಯುವ ಕ್ರೀಚರ್‌ಗಳನ್ನು ತೆಗೆದು ತಡೆ ತುಂಬಿದರೆ ಡೆಕ್ ಚಪ್ಪೆಯಾಗುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಕಾಂಬೊ ಡೆಕ್ ನಿಮ್ಮದಾದರೆ 4ಕ್ಕಿಂತ ಹೆಚ್ಚು ಬದಲಿಸುವ ಮುನ್ನ ಎರಡು ಸಲ ಯೋಚಿಸಿ.

ಯು-ಗಿ-ಓದಲ್ಲಿ ಲೆಕ್ಕ ಬೇರೆ. 40ರ ಡೆಕ್, 5ರ ಕೈ. ಎದುರಾಳಿ ಮೊದಲು ಆಡುವಾಗ ನಿಮ್ಮ ಬಳಿ ಇರುವುದು ಆ 5 ಮಾತ್ರ, 3 ಪ್ರತಿಯ ಒಂದು ಹ್ಯಾಂಡ್ ಟ್ರ್ಯಾಪ್ (ಎದುರಾಳಿಯ ಟರ್ನ್‌ನಲ್ಲೇ ಕೈಯಿಂದ ಬಳಸುವ ತಡೆ ಕಾರ್ಡ್) ಸಿಗುವುದು 34%. ಅದಕ್ಕೇ ಅಲ್ಲಿ ಕಂತೆಯಾಗಿ ಯೋಚಿಸಬೇಕು: ಒಂದೇ ಕೆಲಸದ 9 ಕಾರ್ಡ್ ಇದ್ದರೆ 74%. ನಿಬಿರು ಎಂಬ ಹ್ಯಾಂಡ್ ಟ್ರ್ಯಾಪ್ 5 ಸಮ್ಮನ್ (ಮಾನ್‌ಸ್ಟರ್ ಇಳಿಸುವುದು) ಆದ ಮೇಲೆ ಬರುವಂಥದ್ದು. ಕಾಡುವ ಡೆಕ್ 5ನೇ ಸಮ್ಮನ್ ಹೊತ್ತಿಗೆ ರದ್ದುಮಾಡುವ ಮಾನ್‌ಸ್ಟರ್ ಇಳಿಸಿರುತ್ತದೆಯೇ ಎಂದು ಬೆರಳೆಣಿಸಿ ನೋಡಿ, ಇಳಿಸಿದ್ದರೆ ನಿಬಿರು ದಂಡ. ಡೆಕ್‌ನಿಂದ ಪದೇ ಪದೇ ಕಾರ್ಡ್ ಕೈಗೆ ತರುವ ಡೆಕ್‌ಗೆ ಡ್ರೋಲ್ ಆ್ಯಂಡ್ ಲಾಕ್ ಬರ್ಡ್. ಈವನ್ಲಿ ಮ್ಯಾಚ್ಡ್, ಡಾರ್ಕ್ ರೂಲರ್ ನೋ ಮೋರ್ ಎರಡೂ ಎರಡನೆಯವರಾಗಿ ಆಡುವಾಗ ಮಾತ್ರ ಸೊಗಸು. ಡಾರ್ಕ್ ರೂಲರ್ ಆಡಿದ ಟರ್ನ್‌ನಲ್ಲಿ ಎದುರಾಳಿಗೆ ಹಾನಿ ತಟ್ಟುವುದಿಲ್ಲ, ಅಂದರೆ ಅದೇ ಟರ್ನ್‌ಗೆ ಗೆಲ್ಲುವ ಆಸೆ ಬಿಡಬೇಕು.

ಮುಖ್ಯ ಡೆಕ್‌ನಲ್ಲೇ ಟೆಕ್

ಟೆಕ್ ಎಂದರೆ ಒಂದು ಡೆಕ್ಕನ್ನು ಎದುರಿಸಲೆಂದೇ ಸೇರಿಸುವ ಕಾರ್ಡ್. ಸೈಡ್‌ಬೋರ್ಡ್ ಇರುವ ಆಟದಲ್ಲಿ ಇದು ಸಾಮಾನ್ಯವಾಗಿ ನಷ್ಟದ ವ್ಯಾಪಾರ. ಕಾಡುವ ಡೆಕ್ ಕೋಣೆಯ 15%, ಅದರ ಎದುರು ಟೆಕ್‌ನಿಂದ 15 ಅಂಶ ಲಾಭ ಎಂದಿಟ್ಟುಕೊಂಡರೆ ಒಟ್ಟು ಗಳಿಕೆ 2.25 ಅಂಶ. ಉಳಿದ 85%ರ ಎದುರು ಆ ಕಾರ್ಡ್‌ಗಳು ದಂಡವಾಗಿ 2 ಅಂಶ ಹೋದರೆ ನಷ್ಟ 1.7, ಕೂದಲೆಳೆಯ ಲಾಭ. 3 ಅಂಶ ಹೋದರೆ ನಷ್ಟ 2.55, ಕೈಯಿಂದಲೇ ಹೋಯಿತು. ಎಲ್ಲ ಮ್ಯಾಚ್‌ನಲ್ಲೂ ಸ್ವಲ್ಪವಾದರೂ ಉಪಯೋಗಕ್ಕೆ ಬರುವ ಕಾರ್ಡ್ ಆದರೆ ಮಾತ್ರ ಇದಕ್ಕೆ ಕೈಹಾಕಿ.

ಪೋಕೆಮಾನ್‌ನಲ್ಲಿ ಸೈಡ್ ಡೆಕ್ ಇಲ್ಲ, ಬೇರೆ ದಾರಿಯೂ ಇಲ್ಲ. ಅಲ್ಲಿ ಒಂದೇ ಪ್ರತಿ ಟೆಕ್ ಹಾಕುವ ಚಟ ಎಲ್ಲರಿಗೂ ಇದೆ. 60ರಲ್ಲಿ 6 ಪ್ರೈಜ್‌ಗೆ (ಆಟದ ಆರಂಭದಲ್ಲಿ ಮುಚ್ಚಿ ಪಕ್ಕಕ್ಕಿಡುವ ಕಾರ್ಡ್‌ಗಳು) ಹೋಗುವುದರಿಂದ ಆ ಒಂದು ಕಾರ್ಡ್ ಅಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ 10%, ಮೂರು ಗೇಮ್‌ನಲ್ಲಿ ಒಮ್ಮೆಯಾದರೂ ಹಾಗಾಗುವುದು 27%. ಎರಡು ಪ್ರತಿ ಇದ್ದರೆ ಎರಡೂ ಪ್ರೈಜ್‌ನಲ್ಲಿರುವುದು 1%ಕ್ಕೂ ಕಡಿಮೆ. ಆದ್ದರಿಂದ ಪ್ರಶ್ನೆ ಹೀಗಿರಲಿ: ನಿಮ್ಮ ಡೆಕ್‌ನಲ್ಲಿ ಈಗಾಗಲೇ ಇರುವ ಹುಡುಕುವ ಕಾರ್ಡ್‌ಗಳಿಗೆ ಈ ಟೆಕ್ ಸಿಗುತ್ತದೆಯೇ? ಬಾಲ್ ಕಾರ್ಡ್‌ನಿಂದ ಎಳೆಯಬಹುದಾದ ಬೇಸಿಕ್ ಪೋಕೆಮಾನ್ ಆದರೆ ಒಂದು ಪ್ರತಿ ಸಾಕು. ಹುಡುಕಲಾಗದ ಟ್ರೇನರ್ ಆದರೆ ಎರಡು ಹಾಕಿ, ಇಲ್ಲವೇ ಹಾಕಲೇಬೇಡಿ. ವನ್ ಪೀಸ್ ಕಾರ್ಡ್ ಆಟದಲ್ಲೂ ಸೈಡ್ ಡೆಕ್ ಇಲ್ಲ, 50ರ ಡೆಕ್, ಯೋಚನೆ ಅದೇ.

ಡೆಕ್ ಬದಲಿಸುವುದು, ಅಥವಾ ಬಿಟ್ಟುಕೊಡುವುದು

ನಿಮ್ಮ ಡೆಕ್ ಕಾಡುವ ಡೆಕ್ ಎದುರು 30%, ಉಳಿದವರ ಎದುರು 58% ಗೆಲ್ಲುತ್ತದೆ ಎಂದುಕೊಳ್ಳಿ. ಕಾಡುವವರು ಕೋಣೆಯ 10% ಇದ್ದರೆ ಒಟ್ಟು 55%, ಇದು ಒಳ್ಳೆಯ ಡೆಕ್, ಮುಟ್ಟಬೇಡಿ. 30% ಇದ್ದರೆ ಒಟ್ಟು 50%ಕ್ಕೆ ಇಳಿಯುತ್ತದೆ, ಆಗ ಡೆಕ್ ಬದಲಿಸುವ ಮಾತು ಬರಲಿ. ಆದರೆ ಹೊಸ ಡೆಕ್ಕನ್ನು ಶುಕ್ರವಾರ ರಾತ್ರಿ ಗೆಳೆಯರಿಂದ ಎರವಲು ತಂದು ಭಾನುವಾರ ಆಡಿದರೆ ಕಾಗದದ ಮೇಲಿನ ಅಂಕಿ ಕೈಯಲ್ಲಿ ಬರುವುದಿಲ್ಲ. ಎರಡು ವಾರವಾದರೂ ಬೇಕು.

ಬಿಟ್ಟುಕೊಡುವುದು ಅವಮಾನವಲ್ಲ. ಗುಂಪಿನಲ್ಲಿ ಒಬ್ಬರೇ ಆಡುವ ಡೆಕ್‌ಗಾಗಿ ಸೈಡ್‌ಬೋರ್ಡ್‌ನ 6 ಜಾಗ ಸುರಿಯುವ ಬದಲು, ಆ ಜಾಗವನ್ನು ಹತ್ತಿರ ಹತ್ತಿರ 50% ಇರುವ ಎರಡು ಮ್ಯಾಚ್‌ಅಪ್‌ಗೆ ಕೊಡುವುದೇ ಜಾಣತನ. 20%ಅನ್ನು 30% ಮಾಡಲು ಪಡುವ ಪಾಡಿಗಿಂತ 50%ಅನ್ನು 60% ಮಾಡುವುದು ಹೆಚ್ಚಾಗಿ ಸುಲಭ. ಸೈಡ್ ಇಲ್ಲದ ಆಟದಲ್ಲಂತೂ ಇದೇ ಬಹಳ ಸಲ ಸರಿಯಾದ ಉತ್ತರ.

ಟೇಬಲ್ ಮೇಲೆ ಕೆಡುವುದು

ಮನೆಯಲ್ಲೇ ಒಂದು ಚೀಟಿಯಲ್ಲಿ ಪ್ರತಿ ಡೆಕ್‌ಗೂ ‘ಒಳಗೆ’, ‘ಹೊರಗೆ’ ಎಂದು ಎರಡು ಸಾಲು ಬರೆದುಕೊಳ್ಳಿ. ಮೊದಲು ಆಡುವಾಗ ಬೇರೆ, ಎರಡನೆಯವರಾಗಿ ಬೇರೆ. ಮ್ಯಾಜಿಕ್‌ನಲ್ಲಿ ಗೇಮ್‌ಗಳ ನಡುವೆ ಇಂಥ ಚಿಕ್ಕ ಚೀಟಿ ನೋಡಬಹುದು, ಗೇಮ್ ಶುರುವಾಗುವ ಮೊದಲು ಬ್ಯಾಗಿಗೆ ಹಾಕಬೇಕು. ಯು-ಗಿ-ಓದಲ್ಲಿ ಮ್ಯಾಚ್ ನಡುವೆ ಹೊರಗಿನ ಚೀಟಿ ನೋಡುವಂತಿಲ್ಲ, ಬಾಯಿಪಾಠ ಮಾಡಿಕೊಂಡೇ ಬನ್ನಿ. ಅಲ್ಲಿ ಎಷ್ಟು ಒಳಗೆ ಬಂದರೆ ಅಷ್ಟೇ ಹೊರಗೆ ಹೋಗಬೇಕು. ಮ್ಯಾಜಿಕ್‌ನಲ್ಲಿ ಆ ಕಟ್ಟುಪಾಡಿಲ್ಲ, 60ಕ್ಕೆ ಕಡಿಮೆ ಆಗಬಾರದು, ಸೈಡ್‌ಬೋರ್ಡ್ 15 ಮೀರಬಾರದು ಅಷ್ಟೇ.

75 ಕಾರ್ಡ್‌ಗೂ ಒಂದೇ ದಿನ, ಒಂದೇ ಪ್ಯಾಕಿನ ಸ್ಲೀವ್ ಹಾಕಿ. 60ಕ್ಕೆ ಸವೆದ ಸ್ಲೀವ್, ಸೈಡ್‌ನ 15ಕ್ಕೆ ಹೊಚ್ಚಹೊಸದು ಇದ್ದರೆ ಕಲೆಸುವಾಗಲೇ ಬೆರಳಿಗೆ ಗೊತ್ತಾಗುತ್ತದೆ, ಜಡ್ಜ್‌ಗೆ ಅದು ಗುರುತು ಹಾಕಿದ ಕಾರ್ಡ್. ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗುವ ಫಾಯಿಲ್ (ಹೊಳೆಯುವ) ಕಾರ್ಡ್‌ಗಳದ್ದೂ ಇದೇ ಗೋಳು. ಸೈಡ್‌ಬೋರ್ಡ್‌ನಲ್ಲಿ ಫಾಯಿಲ್ ಬೇಡ. ಮ್ಯಾಚ್ ಮುಗಿದ ಕೂಡಲೇ, ಕಾಫಿಗೆ ಎದ್ದು ಹೋಗುವ ಮೊದಲು, ಸೈಡ್ ಕಾರ್ಡ್‌ಗಳನ್ನು ವಾಪಸ್ ತೆಗೆದು 15 ಎಣಿಸಿ ಡಬ್ಬಿಗೆ ಹಾಕಿ. ಮುಂದಿನ ರೌಂಡ್‌ನ ಮೊದಲ ಗೇಮ್‌ನಲ್ಲಿ ರೆಸ್ಟ್ ಇನ್ ಪೀಸ್ ಕೈಗೆ ಬಂದರೆ, ಆಗ ಕರೆಯಬೇಕಾದದ್ದು ಜಡ್ಜನ್ನು.